ನೇತ್ರಾಣಿಗೆ ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮುರುಡೇಶ್ವರದಿಂದ ನೇತ್ರಾಣಿಗೆ ಸ್ನಾರ್ಕೆಲಿಂಗ್‌ಗೆ ಹೊರಟಿರುವ ತಂಡದ ಎಲ್ಲರಿಗೂ ಈ ಸೂಚನೆ. ಬೋಟು ಹೊರಟ ಮೇಲೆ ಇಂಜಿನ್ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ನೀರಿಗಿಳಿದ ಮೇಲೆ ಎಲ್ಲರ ಬಾಯಲ್ಲೂ ಕೊಳವೆ ಇರುತ್ತದೆ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಈಗಲೇ ಹೇಳಿ ಮುಗಿಸುತ್ತಿದ್ದೇವೆ. ಕೆಲವು ಮಾತು ಖಾರ ಅನ್ನಿಸಬಹುದು. ಮೆತ್ತಗೆ ಹೇಳಿ ನೋಡಿದ್ದೇವೆ, ಯಾರೂ ಕೇಳುವುದಿಲ್ಲ.

ನೇತ್ರಾಣಿ ಎಂದರೆ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬಿ ಸಮುದ್ರದಿಂದ ಎದ್ದು ನಿಂತ ಒಂದು ಬಂಡೆಗುಡ್ಡ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ ಈ ಹೆಸರು ಕೇಳದವರು ಕಡಿಮೆ. ಲಕ್ಷದ್ವೀಪದಲ್ಲೋ ಅಂಡಮಾನಿನಲ್ಲೋ ಇರುವಂತೆ ಮೈಲುಗಟ್ಟಲೆ ಹಬ್ಬಿದ ಹವಳದ ದಿಬ್ಬ ಇಲ್ಲಿಲ್ಲ. ಬಂಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕಚ್ಚಿಕೊಂಡು ಬೆಳೆದ ಹವಳವೇ ಇಲ್ಲಿನ ಆಸ್ತಿ. ಕರ್ನಾಟಕದ ಕಡಲಲ್ಲಿ ಇಂಥ ಜಾಗಗಳು ಬೆರಳೆಣಿಕೆಯಷ್ಟು. ಇರುವುದೇ ಇಷ್ಟು, ನೋಡಲು ಬರುವವರೋ ಬೋಟುಗಟ್ಟಲೆ. ‘ನನ್ನೊಬ್ಬನ ಕಾಲು ತಾಗಿದರೆ ಏನು ಮಹಾ?’ ಎನ್ನುವವರು ತಮ್ಮ ಹಿಂದೆ ಬರುವ ಕಾಲುಗಳನ್ನೂ ಲೆಕ್ಕ ಹಿಡಿಯಲಿ.

ಹೊರಡುವ ಮುನ್ನ

ಹೃದಯದ ತೊಂದರೆ, ಆಸ್ತಮಾ, ಫಿಟ್ಸ್, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ: ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಿ. ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಟು ಹಾಕಿ, ನೀರಿನ ಮಧ್ಯೆ ‘ನನಗೆ ಸ್ವಲ್ಪ ವೀಸಿಂಗ್ ಇದೆ’ ಎನ್ನಬೇಡಿ. ಈಜು ಬಾರದವರು ಬಾರದು ಎಂದೇ ಹೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಈಜು ಬಾರದವರೂ ಗೈಡ್ ಜೊತೆ, ಲೈಫ್ ಜಾಕೆಟ್ ತೊಟ್ಟು, ಹಗ್ಗ ಕಟ್ಟಿದ ರಿಂಗ್ ಹಿಡಿದು ಹವಳ ನೋಡಿ ಬರಬಹುದು. ಅವರಿಗೆ ಕಾಲಿಗೆ ತೊಡುವ ಫಿನ್ ಮಾತ್ರ ಬೇಡ.

ಹಿಂದಿನ ರಾತ್ರಿ ಮದ್ಯ ಬೇಡ. ಇದರಲ್ಲಿ ಚರ್ಚೆಯಿಲ್ಲ. ಬೆಳಿಗ್ಗೆ ವಾಸನೆ ಬಂದವರು ದಡದಲ್ಲೇ ಉಳಿಯುತ್ತಾರೆ, ಹಣ ವಾಪಸಾಗುವುದಿಲ್ಲ.

ಬೆಳಿಗ್ಗೆ ಎರಡು ಇಡ್ಲಿ ತಿನ್ನಿ, ಸಾಕು. ಖಾಲಿ ಹೊಟ್ಟೆಯಲ್ಲಿ ಬಂದರೂ ಕಷ್ಟ, ಬನ್ಸ್ ಮೇಲೆ ಮಸಾಲೆದೋಸೆ ಇಳಿಸಿ ಬಂದರೂ ಕಷ್ಟ. ಬೋಟಿನಲ್ಲಿ ಹೋಗಲು ಒಂದು ಗಂಟೆಗೂ ಮೇಲೆ ಬೇಕು, ಅಲೆ ಇದ್ದ ದಿನ ಇನ್ನೂ ಹೆಚ್ಚು. ಬಸ್ಸಿನಲ್ಲೇ ವಾಂತಿ ಮಾಡುವವರು ಡಾಕ್ಟರನ್ನು ಕೇಳಿ ಮಾತ್ರೆ ತಂದು ಹೊರಡುವ ಮೊದಲೇ ನುಂಗಿ. ತಲೆ ತಿರುಗಲು ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಅನುಮಾನ.

ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ಹೆಸರು ಕಂಡರೆ ಅದನ್ನು ಮನೆಯಲ್ಲೇ ಬಿಡಿ. ಇವು ಹವಳದ ಮರಿಗಳಿಗೆ ಹಾನಿ ಮಾಡುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಹವಾಯಿ ದ್ವೀಪಗಳಲ್ಲಿ 2021ರ ಜನವರಿಯಿಂದ ಇವೆರಡರಲ್ಲಿ ಯಾವುದೇ ಒಂದು ಇರುವ ಸನ್‌ಸ್ಕ್ರೀನನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕ್ರೀಮಿಗಿಂತ ಒಳ್ಳೆಯ ಉಪಾಯ ಬಟ್ಟೆ. ಸ್ನಾರ್ಕೆಲ್ ಮಾಡುವವರು ಬೋರಲಾಗಿ ತೇಲುವುದರಿಂದ ಬೆನ್ನು, ಕತ್ತಿನ ಹಿಂಭಾಗ, ಮೀನಖಂಡ ಸುಡುತ್ತವೆ. ಮೈಗೆ ಅಂಟುವ ತುಂಬು ತೋಳಿನ ಟೀ ಶರ್ಟು, ಉದ್ದನೆಯ ಲೆಗ್ಗಿಂಗ್ಸ್ ತೊಟ್ಟರೆ ಗಂಡಸರಿಗೂ ಹೆಂಗಸರಿಗೂ ಆ ಚಿಂತೆ ಇಲ್ಲ. ಸೀರೆ, ದುಪಟ್ಟಾ, ಜೀನ್ಸ್ ಬೇಡ. ಒದ್ದೆಯಾದ ಜೀನ್ಸ್ ಕಾಲನ್ನು ಕೆಳಕ್ಕೆ ಎಳೆಯುತ್ತದೆ.

ಬೋಟಿನಲ್ಲಿ

ಬೋಟು ನಡೆಸುವ ತಂಡೇಲರ ಮಾತೇ ಕೊನೆ. ದಡದಲ್ಲಿ ಬಿಸಿಲು ಫಳಫಳ ಹೊಡೆಯುತ್ತಿದ್ದರೂ ಅವರು ‘ಇವತ್ತು ಬೇಡ’ ಎಂದರೆ ಬೇಡ. ಗಾಳಿ ಯಾವ ಕಡೆಯಿಂದ ಏಳುತ್ತದೆ, ನೀರು ಯಾವ ಕಡೆ ಸೆಳೆಯುತ್ತದೆ ಎಂಬುದು ಚಿಕ್ಕಂದಿನಿಂದ ಆ ನೀರಿನ ಮೇಲೆ ಬದುಕಿದವರಿಗೆ ಗೊತ್ತು, ನಿಮ್ಮ ಮೊಬೈಲಿನ ಹವಾಮಾನ ಆ್ಯಪಿಗಲ್ಲ. ಮಳೆಗಾಲ ಶುರುವಾದರೆ ಈ ಪ್ರವಾಸವೇ ಇಲ್ಲ, ಜೂನ್ ತಿಂಗಳಲ್ಲಿ ಫೋನ್ ಮಾಡಿ ಕೇಳಬೇಡಿ.

ಲಂಗರು ಎಲ್ಲಿ ಬಿಡಬೇಕೆಂಬುದೂ ಅವರ ತೀರ್ಮಾನ. ‘ಅಣ್ಣಾ, ಇನ್ನೂ ಸ್ವಲ್ಪ ಹತ್ತಿರ ಹೋಗೋಣ’ ಎಂದು ಪೀಡಿಸಬೇಡಿ. ಹತ್ತಿರ ಹೋದಷ್ಟೂ ಲಂಗರು ಹವಳದ ಮೇಲೆ ಬೀಳುವ ಸಂಭವ ಹೆಚ್ಚು. ಹವಳಕ್ಕೆ ಸಿಕ್ಕಿದ ಲಂಗರನ್ನು ಎಳೆದು ಬಿಡಿಸುವಾಗ ಹಗ್ಗ, ಸರಪಳಿ ಅತ್ತಿತ್ತ ಉಜ್ಜಿ ಮಾಡುವ ಹಾನಿಯೇ ದೊಡ್ಡದು. ಮರಳಿರುವಲ್ಲಿ ನಿಲ್ಲಿಸಿ ನಾಲ್ಕು ಮಾರು ಹೆಚ್ಚು ಈಜುವುದರಿಂದ ಯಾರೂ ಸವೆಯುವುದಿಲ್ಲ.

ದ್ವೀಪದ ಮೇಲೆ ಕಾಲಿಡುವಂತಿಲ್ಲ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಗುಡ್ಡ ಇದು. ಶೆಲ್ಲುಗಳ ಚೂರು ಬಿದ್ದಿರುವ ಜಾಗದಲ್ಲಿ ಸೆಲ್ಫಿಗಾಗಿ ಹತ್ತುವ ಹುಂಬತನ ನಮ್ಮ ತಂಡದಲ್ಲಿ ನಡೆಯುವುದಿಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಇಲ್ಲಿನ ಮರಗಳ ಮೇಲೆ ಗೂಡು ಕಟ್ಟುತ್ತದೆ. ಬ್ಲೂಟೂತ್ ಸ್ಪೀಕರ್ ಬೇಡ, ಪಟಾಕಿ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಮೀನುಗಾರರು ಈ ದ್ವೀಪಕ್ಕೆ ಹರಕೆ ಒಪ್ಪಿಸುವವರು. ಅವರ ನಂಬಿಕೆಯ ಬಗ್ಗೆ ಬೋಟಿನಲ್ಲಿ ಕುಳಿತು ನಗೆಚಾಟಿಕೆ ಮಾಡಬೇಡಿ.

ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿಯ ಮುಚ್ಚಳ, ಗುಟ್ಕಾ ಚೀಟಿ, ಯಾವುದೂ ನೀರಿಗೆ ಬೀಳಕೂಡದು. ತೇಲುವ ತೆಳು ಪ್ಲಾಸ್ಟಿಕ್ ಚೀಲವನ್ನು ಕಡಲಾಮೆ ಅಂಬಲಿ ಮೀನು ಎಂದುಕೊಂಡು ನುಂಗುತ್ತದೆ. ಗಾಳಿಗೆ ಹಾರಿಹೋಯಿತು ಎಂಬ ನೆಪ ನಡೆಯುವುದಿಲ್ಲ, ಹಾರಿಹೋಗುವಂಥದ್ದನ್ನು ತರಲೇಬೇಡಿ. ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ ತನ್ನಿ.

ನೀರಿನಲ್ಲಿ: ತೇಲಿ, ನಿಲ್ಲಬೇಡಿ

ಈ ಸೂಚನೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಈ ಶೀರ್ಷಿಕೆಯನ್ನು ನೆನಪಿಟ್ಟುಕೊಳ್ಳಿ. ಹವಳಕ್ಕೆ ಪ್ರವಾಸಿಗರಿಂದ ಆಗುವ ಕೇಡಿನಲ್ಲಿ ಹೆಚ್ಚಿನ ಪಾಲು ಕೆಟ್ಟ ಬುದ್ಧಿಯಿಂದ ಆಗುವುದಲ್ಲ, ಗಾಬರಿಯಿಂದ ಆಗುವುದು. ಮಾಸ್ಕಿನೊಳಗೆ ಸ್ವಲ್ಪ ನೀರು ಬರುತ್ತದೆ, ಮನುಷ್ಯ ಕಂಗಾಲಾಗಿ ನೆಟ್ಟಗಾಗುತ್ತಾನೆ, ಕಾಲಿಗೆ ಏನೋ ಗಟ್ಟಿಯಾದದ್ದು ಸಿಗುತ್ತದೆ, ಅದರ ಮೇಲೆ ನಿಂತು ಮಾಸ್ಕ್ ಸರಿಮಾಡಿಕೊಳ್ಳುತ್ತಾನೆ. ಆ ಗಟ್ಟಿಯಾದದ್ದೇ ಹವಳ.

ಅದು ಕಲ್ಲಲ್ಲ, ಜೀವಿ. ಸೂಕ್ಷ್ಮವಾಗಿ ನೋಡಿದರೆ ಮೇಲ್ಮೈ ತುಂಬ ಸಣ್ಣ ಸಣ್ಣ ಬಟ್ಟಲುಗಳು ಕಾಣುತ್ತವೆ. ಒಂದೊಂದು ಬಟ್ಟಲಿನಲ್ಲೂ ಮೆತ್ತನೆಯ ಮೈಯ ಒಂದೊಂದು ಪ್ರಾಣಿ. ಅವೆಲ್ಲ ಒಟ್ಟಾಗಿ ಕೆಳಗೆ ಸುಣ್ಣದ ಗೂಡು ಕಟ್ಟುತ್ತ ಹೋಗುತ್ತವೆ. ಮೇಲೆ ತೆಳುವಾದ ಲೋಳೆಯ ಪದರ ಇರುತ್ತದೆ. ನಿಮ್ಮ ಬೆರಳು ಆ ಲೋಳೆಯನ್ನು ಒರೆಸಿದರೆ ಅಲ್ಲಿಂದ ರೋಗ ಒಳಹೊಗಲು ದಾರಿಯಾಗುತ್ತದೆ. ಗುಂಡಗೆ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೊಣಕಾಲೆತ್ತರದ ಒಂದು ಹವಳದ ಗುಂಡು ಕಂಡರೆ ಅದಕ್ಕೆ ಹತ್ತಿರ ಹತ್ತಿರ ಅರ್ಧ ಶತಮಾನದ ವಯಸ್ಸು ಎಂದುಕೊಳ್ಳಿ. ಸಮುದ್ರ ಬಿಸಿಯಾಗಿ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುವುದು ಬೇರೆಯೇ ಸಂಕಟ. ಜಗತ್ತಿನಾದ್ಯಂತ ಇಂಥ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಆ ಬಿಸಿಯನ್ನು ನಾವು ಬೋಟಿನಲ್ಲಿ ಕುಳಿತು ತಣಿಸಲಾರೆವು. ಒದೆಯದೆ ಇರುವುದು ಮಾತ್ರ ನಮ್ಮ ಕೈಯಲ್ಲಿದೆ, ಅಲ್ಲ, ಕಾಲಲ್ಲಿದೆ.

ಹಾಗಾಗಿ ಅಭ್ಯಾಸವೆಲ್ಲ ಹವಳದಿಂದ ದೂರದಲ್ಲಿ, ಬೋಟಿನ ಏಣಿಯ ಪಕ್ಕದಲ್ಲಿ. ಮಾಸ್ಕ್ ಹಾಕುವ ಮುನ್ನ ಗಾಜಿನ ಒಳಗೆ ಉಗುಳಿ, ಬೆರಳಲ್ಲಿ ಒರೆಸಿ, ಒಮ್ಮೆ ಸಮುದ್ರದ ನೀರಲ್ಲಿ ಅಲುಬಿ. ಅಸಹ್ಯ ಪಡಬೇಡಿ, ಗಾಜು ಮಂಜಾಗದಿರಲು ಇಷ್ಟು ಸಾಕು. ಮುಂಗುರುಳು ಮಾಸ್ಕಿನ ಅಂಚಿಗೆ ಸಿಕ್ಕರೆ ನೀರು ನುಗ್ಗುತ್ತದೆ, ದಪ್ಪ ಮೀಸೆ ಇದ್ದರೂ ಅದೇ ಕತೆ. ಮೀಸೆಯ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿಕೊಳ್ಳಿ. ನೀರು ಬಂದರೆ ಮಾಸ್ಕ್ ಕಿತ್ತೆಸೆಯಬೇಡಿ. ತಲೆ ಮೇಲೆತ್ತಿ, ಕೆಳಗಿನ ಅಂಚನ್ನು ಕೊಂಚ ಸಡಿಲಿಸಿ, ಇಳಿದುಹೋಗುತ್ತದೆ. ಕೊಳವೆಗೆ ನೀರು ಹೊಕ್ಕರೆ ಜೋರಾಗಿ ‘ಫೂ’ ಎಂದು ಊದಿ. ಇವೆರಡು ಬಂದವರಿಗೆ ಮಾತ್ರ ಮುಂದಕ್ಕೆ ಹೋಗಲು ಅನುಮತಿ. ಬಾರದವರು ಬರುವ ತನಕ ಏಣಿಯ ಹತ್ತಿರವೇ ಇರುತ್ತಾರೆ.

ದಣಿವಾದರೆ ಬೆನ್ನ ಮೇಲೆ ಮಲಗಿ. ಲೈಫ್ ಜಾಕೆಟ್ ನಿಮ್ಮನ್ನು ಎತ್ತಿಹಿಡಿಯುತ್ತದೆ, ಅದರ ಕೆಲಸವೇ ಅದು. ಒಂದು ಕೈ ಮೇಲೆತ್ತಿ ಬೀಸಿದರೆ ಗೈಡ್ ಬರುತ್ತಾರೆ. ಜಾಕೆಟ್ ಬಿಚ್ಚಿ ಒಳಗೆ ಮುಳುಗಿ ಬರುತ್ತೇನೆ ಎಂದು ಹೊರಡಬೇಡಿ. ಇನ್ನೂ ಅಪಾಯಕರ ಚಾಳಿ ಎಂದರೆ, ಹೆಚ್ಚು ಹೊತ್ತು ಮುಳುಗಿರಲು ದಬದಬನೆ ಉಸಿರೆಳೆದು ಬಿಟ್ಟು ತಯಾರಾಗುವುದು. ಇದರಿಂದ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಉಸಿರು ಬೇಕೆಂಬ ಒತ್ತಡ ಹುಟ್ಟುವುದೇ ಇಲ್ಲ. ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪುವ ತನಕ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲ. ಚೆನ್ನಾಗಿ ಈಜುವವರೇ ಹೀಗೆ ಸಾಯುತ್ತಾರೆ.

ಜೋಡಿ ಬಿಟ್ಟು ಹೋಗಬೇಡಿ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ‘ಕಾಪಾಡಿ’ ಎಂದು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದಿಲ್ಲದೆ ಕೆಳಗಿಳಿಯುತ್ತಾರೆ. ಮುಖ ಕೆಳಗೆ ಹಾಕಿ ತೇಲುವವರು ನೋಡುತ್ತಿದ್ದಾರೋ, ಕಷ್ಟದಲ್ಲಿದ್ದಾರೋ ಎಂಬುದು ದೂರದಿಂದ ಗೊತ್ತಾಗುವುದಿಲ್ಲ. ಆಗಾಗ ಜೊತೆಯವರ ಭುಜ ತಟ್ಟಿ ಕೇಳಿ.

ಫಿನ್ ಹಾಕಿದವರಿಗೆ: ನಿಮ್ಮ ಕಾಲು ಈಗ ಒಂದು ಮೊಳ ಉದ್ದವಾಗಿದೆ, ನಿಮ್ಮ ತಲೆಗೆ ಅದು ಇನ್ನೂ ತಿಳಿದಿಲ್ಲ. ಸೊಂಟದಿಂದ ನಿಧಾನ ಒದೆಯಿರಿ. ಸೈಕಲ್ ತುಳಿದಂತೆ ತುಳಿದರೆ ಮುಂದಕ್ಕೂ ಹೋಗುವುದಿಲ್ಲ, ತಳದ ಮರಳೆದ್ದು ಹವಳದ ಮೇಲೆ ಕೂರುತ್ತದೆ. ನಿಮ್ಮ ಹೊಟ್ಟೆಗೂ ಹವಳಕ್ಕೂ ನಡುವೆ ಒಂದು ಆಳಿನಷ್ಟು ನೀರಿಲ್ಲದ ಕಡೆ ಹೋಗಲೇಬೇಡಿ.

ಅಲ್ಲಿರುವವರ ಜೊತೆ

ನಾವು ಅತಿಥಿಗಳು, ಅದೂ ಕರೆಯದೆ ಬಂದವರು. ಮುಟ್ಟಬೇಡಿ, ಅಟ್ಟಬೇಡಿ, ಅಡ್ಡಗಟ್ಟಬೇಡಿ, ತಿನ್ನಿಸಬೇಡಿ.

ತಿನ್ನಿಸುವ ವಿಷಯದಲ್ಲಿ ಪ್ರತಿ ಸಲ ತಕರಾರು ಬರುತ್ತದೆ. ‘ಪಾಪ, ಒಂದು ಚೂರು ಬ್ರೆಡ್ ಹಾಕಿದರೆ ಏನು?’ ಎನ್ನುತ್ತಾರೆ. ಬ್ರೆಡ್ಡು ಮೀನಿನ ಆಹಾರವಲ್ಲ. ಅದಕ್ಕಿಂತ ಮುಖ್ಯವಾಗಿ, ಗಿಳಿಮೀನಿನಂಥವು ದಿನವಿಡೀ ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುತ್ತಿರಬೇಕು. ಕೊಕ್ಕಿನಂಥ ಹಲ್ಲಿನಿಂದ ಅವು ಕೆರೆಯುವ ಸದ್ದು ನೀರಿನಲ್ಲಿ ಕಿವಿಗೊಟ್ಟರೆ ಕರಕರ ಎಂದು ಕೇಳುತ್ತದೆ. ಆ ಕೆಲಸ ನಿಂತರೆ ಪಾಚಿ ಹಬ್ಬಿ ಹವಳದ ಮೇಲೇರುತ್ತದೆ. ಬ್ರೆಡ್ ಬೀಳುವ ಜಾಗದಲ್ಲಿ ಗಟ್ಟಿ ಜಾತಿಯ ಒಂದೆರಡು ಮೀನು ಮಾತ್ರ ಮುತ್ತಿಕೊಂಡು ಉಳಿದವನ್ನು ಓಡಿಸುತ್ತವೆ. ಕಡೆಗೆ ನಿಮ್ಮ ಬೆರಳನ್ನೂ ಕಚ್ಚುತ್ತವೆ.

ಕಡಲಾಮೆ ಕಂಡರೆ ನಿಂತಲ್ಲೇ ತೇಲಿ. ಅದು ನಮ್ಮಂತೆ ಗಾಳಿ ಉಸಿರಾಡುವ ಪ್ರಾಣಿ. ಕತ್ತೆತ್ತಿ ಮೇಲಕ್ಕೆ ಬರುತ್ತಿದೆ ಎಂದರೆ ಉಸಿರಿಗೆ ಬರುತ್ತಿದೆ ಎಂದರ್ಥ. ಆಗ ಎಂಟು ಜನ ಮೇಲೆ ಸುತ್ತುಗಟ್ಟಿದರೆ ಅದು ಉಸಿರೆಳೆಯದೆ ಮತ್ತೆ ಕೆಳಗಿಳಿಯಬೇಕಾಗುತ್ತದೆ. ದಾರಿ ಬಿಡಿ. ಅದು ತಟ್ಟನೆ ದಿಕ್ಕು ಬದಲಿಸಿದರೆ, ವೇಗ ಹೆಚ್ಚಿಸಿದರೆ ನೀವು ತೀರಾ ಹತ್ತಿರ ಹೋಗಿದ್ದೀರಿ. ಹಿಂಬಾಲಿಸಬೇಡಿ, ಆಮೆಯ ಜೊತೆ ಪಂದ್ಯ ಕಟ್ಟಿ ಗೆದ್ದವರಿಲ್ಲ. ಸುಮ್ಮನೆ ತೇಲುವವರ ಬಳಿಗೆ ಅದೇ ಒಮ್ಮೊಮ್ಮೆ ಬಂದು ಹೋಗುತ್ತದೆ.

ತಿಮಿಂಗಿಲ ಶಾರ್ಕ್ ಈ ನೀರಿನಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಜಗತ್ತಿನ ಅತಿ ದೊಡ್ಡ ಮೀನು, ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು. ಗುಜರಾತಿನ ಕರಾವಳಿಯಲ್ಲಿ ಇದನ್ನು ಕೊಂದು ಎಣ್ಣೆ ತೆಗೆಯುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಕಂಡರೆ ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ ಇರಲಿ. ಮುಂದಕ್ಕೆ ಹೋಗಿ ಅಡ್ಡ ನಿಲ್ಲಬೇಡಿ. ಬೋಟಿನಿಂದ ಅದರ ಮೇಲೆ ಧುಮುಕಬೇಡಿ. ಕಾಣದಿದ್ದರೆ ಗೈಡನ್ನು ದೂರಬೇಡಿ. ನಾವು ತೆಗೆದುಕೊಂಡ ಹಣ ಬೋಟಿಗೆ, ಸಲಕರಣೆಗೆ, ಗೈಡಿಗೆ. ಮೀನುಗಳಿಗೆ ಹಾಜರಿ ಪುಸ್ತಕ ಇಲ್ಲ.

ಮುಟ್ಟಬಾರದೆಂಬ ನಿಯಮದಲ್ಲಿ ನಿಮ್ಮ ಹಿತವೂ ಇದೆ. ಕಲ್ಲುಮೀನು ಬಂಡೆಯ ಬಣ್ಣಕ್ಕೇ ಬೆರೆತು ಬಿದ್ದಿರುತ್ತದೆ, ಬೆನ್ನಿನ ಮುಳ್ಳಲ್ಲಿ ವಿಷ. ಲಯನ್‌ಫಿಶ್ ರೆಕ್ಕೆ ಬಿಚ್ಚಿ ಚೆಂದಕ್ಕೆ ತೇಲುತ್ತದೆ, ಮುಳ್ಳಲ್ಲಿ ವಿಷ. ತೊರಕೆ ಮರಳಿನಲ್ಲಿ ಹುದುಗಿರುತ್ತದೆ, ಬಾಲದಲ್ಲಿ ಮುಳ್ಳು. ಕಡಲ ಹಾವು ತಾನಾಗಿ ಕಚ್ಚಲು ಬರುವುದಿಲ್ಲ, ಹಿಡಿದವರನ್ನು ಬಿಡುವುದೂ ಇಲ್ಲ. ಬಂಡೆಯ ಸಂದಿನಲ್ಲಿ ಬಾಯಿ ತೆರೆದು ಮುಚ್ಚಿ ಮಾಡುವ ಮೊರೆ ಹಾವುಮೀನು ಉಸಿರಾಡುತ್ತಿದೆ ಅಷ್ಟೇ, ಆದರೆ ಆ ಸಂದಿಗೆ ಕೈ ಹಾಕಿದರೆ ಹಲ್ಲಿನ ಗುರುತು ಖಚಿತ.

ತರಬೇಡಿ, ಕೊಳ್ಳಬೇಡಿ

ಗಟ್ಟಿ ಹವಳ, ಕಪ್ಪು ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್, ಸಮುದ್ರ ಸೌತೆ, ಕಡಲ್ಗುದುರೆ, ಹಲವು ಜಾತಿಯ ಶಂಖ, ಚಿಪ್ಪು: ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹವಳ ಮತ್ತು ಸಮುದ್ರ ಸೌತೆ ಮೊದಲ ಅನುಸೂಚಿಯಲ್ಲೇ ಇವೆ, ಅಂದರೆ ಕಾನೂನಿನ ಕಣ್ಣಿಗೆ ಹುಲಿಯ ಸಾಲಿನಲ್ಲಿ. ಮೊದಲ ಅನುಸೂಚಿಯ ಜೀವಿಗಳ ವಿಷಯದಲ್ಲಿ ತಪ್ಪಿತಸ್ಥರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಸತ್ತು ಬಿದ್ದ ಚೂರು, ತಾನಾಗಿ ಮುರಿದದ್ದು ಎಂಬ ವಾದ ಉಳಿಸುವುದಿಲ್ಲ. ತೀರದ ಅಂಗಡಿಯಲ್ಲಿ ತೂಗುಹಾಕಿದ್ದೂ ಅಷ್ಟೇ. ಯಾವ ಚಿಪ್ಪು ಪಟ್ಟಿಯಲ್ಲಿದೆ, ಯಾವುದಿಲ್ಲ ಎಂಬುದು ಕೊಳ್ಳುವ ನಿಮಗೂ ಗೊತ್ತಿರುವುದಿಲ್ಲ, ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಕೊಳ್ಳದಿರುವುದೇ ಕ್ಷೇಮ.

ಖಾಲಿ ಶಂಖವನ್ನೂ ಹೆಕ್ಕಬೇಡಿ, ಸನ್ಯಾಸಿ ಏಡಿಗೆ ಅದು ಮನೆ. ಮಕ್ಕಳನ್ನು ಕರೆತರುವವರು ಇದನ್ನು ಹಿಂದಿನ ದಿನವೇ ಹೇಳಿ ಒಪ್ಪಿಸಿ, ಬೋಟಿನಲ್ಲಿ ಅಳಿಸಬೇಡಿ.

ಕ್ಯಾಮೆರಾ

ಮೊದಲ ಹತ್ತು ನಿಮಿಷ ಯಾರ ಕೈಯಲ್ಲೂ ಕ್ಯಾಮೆರಾ ಇರಬಾರದು. ಉಸಿರು ಹದಕ್ಕೆ ಬಂದ ಮೇಲೆ ಕೊಡುತ್ತೇವೆ. ಸೆಲ್ಫಿ ಸ್ಟಿಕ್ ನಿಷಿದ್ಧ. ಸ್ಟಿಕ್ ಹಿಡಿದವರಿಗೆ ತಮ್ಮ ಮುಖ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ, ಹಿಂದಿರುವ ಹವಳವೂ ಕಾಣುವುದಿಲ್ಲ. ನಕ್ಷತ್ರಮೀನನ್ನು ನೀರಿನಿಂದ ಮೇಲೆತ್ತಿ ಫೋಟೊ ತೆಗೆಯಬಾರದು. ಬುರುಡೆ ಮೀನನ್ನು ಉಬ್ಬಿಸಲೆಂದು ಕೆಣಕಬಾರದು. ಅದು ಉಬ್ಬುವುದು ಜೀವಭಯದಿಂದ, ತಮಾಷೆಗಲ್ಲ. ಗೈಡೇ ‘ಹಿಡ್ಕೊಳ್ಳಿ ಸಾರ್, ಫೋಟೊ ತೆಗಿತೀನಿ’ ಎಂದು ಯಾವುದಾದರೂ ಪ್ರಾಣಿಯನ್ನು ಕೈಗೆ ಕೊಟ್ಟರೆ ಬೇಡ ಎನ್ನಿ, ನಮಗೆ ತಿಳಿಸಿ. ಪ್ರವಾಸಿಗರು ಕೇಳಿ ಕೇಳಿ ಅವರಿಗೆ ಆ ಅಭ್ಯಾಸವಾಗಿದೆ, ನಾವೇ ಬೇಡ ಎನ್ನತೊಡಗಿದರೆ ಅವರೂ ಬಿಡುತ್ತಾರೆ.

ಏನಾದರೂ ಆದರೆ

ಅಂಬಲಿ ಮೀನು ತಾಗಿ ಉರಿ ಹತ್ತಿದರೆ ಉಜ್ಜಬೇಡಿ, ಬಾಟಲಿಯ ಸಿಹಿನೀರು ಸುರಿಯಬೇಡಿ, ಎರಡರಿಂದಲೂ ಉರಿ ಹೆಚ್ಚುತ್ತದೆ. ಸಮುದ್ರದ ನೀರಲ್ಲೇ ತೊಳೆದು ಬೋಟಿಗೆ ಬನ್ನಿ. ಕಲ್ಲುಮೀನಿನದೋ ತೊರಕೆಯದೋ ಮುಳ್ಳು ಚುಚ್ಚಿದರೆ ಚರ್ಮ ಸುಡದಷ್ಟು, ತಾಳಿಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಅದ್ದಿ ಇಡುವುದು ಮೊದಲ ಕೆಲಸ. ಫ್ಲಾಸ್ಕಿನಲ್ಲಿ ಬಿಸಿನೀರು ಇರುತ್ತದೆ, ಕಾಫಿಗೆಂದು ಯಾರೂ ಮುಟ್ಟಬೇಡಿ. ನಂತರ ನೇರ ಆಸ್ಪತ್ರೆಗೆ.

ಬಲೆಯ ತುಂಡಿಗೆ ಸಿಕ್ಕಿದ ಆಮೆ ಕಂಡರೆ ನೀವೇ ಬಿಡಿಸಲು ಹೋಗಬೇಡಿ. ಹಗ್ಗ ನಿಮ್ಮ ಕಾಲಿಗೂ ಸುತ್ತಿಕೊಳ್ಳುತ್ತದೆ. ಜಾಗ ಗುರುತಿಟ್ಟುಕೊಂಡು ತಂಡೇಲರನ್ನು ಕರೆಯಿರಿ, ಅವರ ಬಳಿ ಕತ್ತಿಯೂ ಇದೆ, ಅನುಭವವೂ ಇದೆ. ಸಮುದ್ರದಲ್ಲಿ ತುರ್ತು ಬಂದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554, ಕರಾವಳಿ ಪೊಲೀಸರದು 1093. ಎರಡನ್ನೂ ದಡದಲ್ಲೇ ಫೋನಿನಲ್ಲಿ ಸೇರಿಸಿಕೊಳ್ಳಿ, ಕಡಲ ಮಧ್ಯೆ ಸಿಗ್ನಲ್ ನಂಬುವಂತಿಲ್ಲ.

ನಿಯಮ ಮುರಿದವರಿಗೆ ಒಂದು ಎಚ್ಚರಿಕೆ ಕೊಡುತ್ತೇವೆ. ಎರಡನೆಯ ಸಲಕ್ಕೆ ಬೋಟಿಗೆ ಹತ್ತಿಸುತ್ತೇವೆ, ಉಳಿದ ಹೊತ್ತು ಅವರು ಮೇಲೆ ಕುಳಿತು ನೋಡಬಹುದು. ವಯಸ್ಸು, ಹುದ್ದೆ, ನಮ್ಮ ನೆಂಟಸ್ತಿಕೆ ಯಾವುದೂ ಲೆಕ್ಕಕ್ಕಿಲ್ಲ. ಇಷ್ಟಕ್ಕೆ ಒಪ್ಪಿಗೆ ಇಲ್ಲದವರು ಹೊರಡುವ ಹಿಂದಿನ ದಿನದೊಳಗೆ ತಿಳಿಸಿದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರ ಇದೆ, ಮೇಲೆ ಹೋಗಲು ಲಿಫ್ಟ್ ಇದೆ, ಅಲ್ಲಿಂದಲೂ ಸಮುದ್ರ ಚೆನ್ನಾಗಿ ಕಾಣುತ್ತದೆ.